ದೊಡ್ಡಮ್ಮನ ಮನೆಯ ಹೊಸ ಡಬ್ಬಿ

ಮೊನ್ನೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಶುಗರ್ ಮಾತ್ರೆಗಳ ಪಕ್ಕ ಒಂದು ಹೊಸ ಡಬ್ಬಿ ಇತ್ತು. ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್. ಪರಿಚಯದವರು ಯಾರೋ ಮಾರಿದ್ದು, ತಿಂಗಳಿಗೆ 2,000 ರೂಪಾಯಿ. "ರಕ್ತನಾಳ ಕ್ಲೀನ್ ಆಗುತ್ತಂತೆ ಕಣೋ" ಅಂದರು. ಪಿಂಚಣಿಯಲ್ಲಿ ಬದುಕುವ ಜೀವ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಮಾರುವವರ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೇ ಜನ ನಂಬುವುದು.

ಇನ್ಸುಲಿನ್‌ಗೆ ರಕ್ತನಾಳದಲ್ಲೂ ಕೆಲಸ ಇದೆ. ನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರ ಇರುತ್ತದೆ, ಎಂಡೋಥೀಲಿಯಂ. ಊಟ ಆದಮೇಲೆ ಇನ್ಸುಲಿನ್ ಅಲ್ಲಿಗೆ ಬಂದರೆ ಆ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ನಾಳ ಸಡಿಲಾಗುತ್ತದೆ, ಸ್ನಾಯುಗಳಿಗೆ ರಕ್ತ ಜಾಸ್ತಿ ಹರಿಯುತ್ತದೆ, ಜೊತೆಗೆ ಸಕ್ಕರೆಯೂ ತಲುಪುತ್ತದೆ. (ನಾಳ ಸಡಿಲಿಸುವ ಈ ಅನಿಲದ ಗುಟ್ಟು ತಿಳಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು.)

ರಕ್ತದಲ್ಲಿ ಸಕ್ಕರೆ, ಕೊಬ್ಬು ಸದಾ ಜಾಸ್ತಿ ಇದ್ದರೆ ಆ ಪದರದಲ್ಲಿ, ಆಮ್ಲಜನಕದಿಂದ ಹುಟ್ಟಿ ಸುತ್ತಲಿನದನ್ನು ಕೆಡಿಸುವ ಸೂಪರಾಕ್ಸೈಡ್‌ನಂಥವು ಹೆಚ್ಚುತ್ತವೆ. ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು ಇದಕ್ಕೇ. ಅವು ನೈಟ್ರಿಕ್ ಆಕ್ಸೈಡನ್ನು ಹುಟ್ಟಿದಲ್ಲೇ ನುಂಗುತ್ತವೆ. ಇನ್ಸುಲಿನ್ ಹೇಳಿದ್ದನ್ನು ಒಳಗೆ ದಾಟಿಸುವ ಪ್ರೋಟೀನಿನ ಕೆಲಸವನ್ನೂ ಕೆಡಿಸುತ್ತವೆ. ಕೊನೆಗೆ ನೈಟ್ರಿಕ್ ಆಕ್ಸೈಡ್ ತಯಾರಿಸಬೇಕಾದ ಕಿಣ್ವವೇ ಸೂಪರಾಕ್ಸೈಡ್ ತಯಾರಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇಷ್ಟಾದರೂ, ನಾಳವನ್ನು ಬಿಗಿ ಮಾಡುವ ಎಂಡೋಥೀಲಿನ್ ಎಂಬ ವಸ್ತು ಹೊರಬರುವಂತೆ ಮಾಡುವ ಇನ್ಸುಲಿನ್‌ನ ಇನ್ನೊಂದು ದಾರಿ ಮಾತ್ರ ಹಾಗೇ ಉಳಿದಿರುತ್ತದೆ. ಶುಗರ್ ಇದ್ದವರಿಗೆ ಬಿಪಿಯೂ ಜೊತೆಗೆ ಬರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಇಂಥವನ್ನು ತಣಿಸುವ ಆಂಟಿಆಕ್ಸಿಡೆಂಟ್ ನುಂಗಿದರೆ ಆಯ್ತಲ್ವಾ? ಒಂದು ಕಾಲಕ್ಕೆ ಎಷ್ಟೋ ಸಂಶೋಧಕರಿಗೂ ಈ ಆಸೆ ಇತ್ತು. 2000ದಲ್ಲಿ ಹೊರಬಂದ ಹೋಪ್ ಅಧ್ಯಯನದಲ್ಲಿ 9,000ಕ್ಕೂ ಹೆಚ್ಚು ಜನರಿದ್ದರು. ನಾಲ್ಕೂವರೆ ವರ್ಷ ವಿಟಮಿನ್ ಇ (ಇದೂ ಒಂದು ಆಂಟಿಆಕ್ಸಿಡೆಂಟ್) ತಗೊಂಡವರಿಗೆ ಹೃದಯಾಘಾತವೇನೂ ಕಡಿಮೆಯಾಗಲಿಲ್ಲ. 2009ರಲ್ಲಿ ಜರ್ಮನಿಯಿಂದ ಬಂದ ಫಲಿತಾಂಶ ನೋಡಿ ನಾನು ಬೆಚ್ಚಿದೆ. ವ್ಯಾಯಾಮ ಮಾಡಿದ ಯುವಕರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಅದೇ ವ್ಯಾಯಾಮದ ಜೊತೆ ವಿಟಮಿನ್ ಸಿ, ಇ ನುಂಗಿದವರಿಗೆ ಆ ಲಾಭವೇ ಸಿಗಲಿಲ್ಲ. ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಒಂದಿಷ್ಟು ಆಕ್ಸಿಡೇಟಿವ್ ಸ್ಟ್ರೆಸ್ ದೇಹಕ್ಕೆ ಬೇಕು. ದೇಹ ತನ್ನದೇ ರಕ್ಷಣೆ ಬೆಳೆಸಿಕೊಳ್ಳುವುದು ಅದರಿಂದ.

ನಡೆಯುವಾಗ ರಕ್ತ ನಾಳದ ಗೋಡೆ ಉಜ್ಜಿಕೊಂಡು ಹರಿಯುತ್ತದೆ. ಆ ಉಜ್ಜಾಟಕ್ಕೇ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಇನ್ಸುಲಿನ್‌ಗೆ ಕಾಯುವುದಿಲ್ಲ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ದೊಡ್ಡಮ್ಮನಿಗೆ ಇದನ್ನೆಲ್ಲ ಕೂತು ಹೇಳಿದೆ. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ ಅಂದೆ. "ಮಂಡಿ ನೋವು ಕಣೋ, ಹೆಂಗೆ ನಡೀಲಿ" ಅಂದರು. ರಾತ್ರಿ ಊಟ ಆದಮೇಲೆ ಅಂಗಳದಲ್ಲೇ ಕೈ ಹಿಡಿದುಕೊಂಡು ನಿಧಾನಕ್ಕೆ 10 ನಿಮಿಷ ಓಡಾಡಿದೆವು. ಮುಂದಿನ ತಿಂಗಳ ಡಬ್ಬಿ ತರಿಸುವುದಿಲ್ಲ ಅಂತ ಒಪ್ಪಿದ್ದಾರೆ.