ಎರಡಡಿಯ ಕೆರೆ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕೆರೆ ಇದೆ. ಉದ್ದ ಎರಡು ಅಡಿ, ಅಗಲ ಒಂದು, ಆಳ ಒಂದು. ಲೆಕ್ಕಕ್ಕೆ 56 ಲೀಟರ್ ಹಿಡಿಯಬೇಕು. ಮಣ್ಣು, ಕಲ್ಲು, ಮರದ ತುಂಡು ಎಲ್ಲ ಸೇರಿದ ಮೇಲೆ 45 ಹಿಡಿದರೆ ಪುಣ್ಯ. ಬೆಂಗಳೂರಿನವನಾಗಿ ನಾನೂ ಕೆರೆಗೆ ಇಷ್ಟು ಒತ್ತುವರಿ ಮಾಡದಿದ್ದರೆ ಹೇಗೆ?

ಮೊದಲು ಬಂದದ್ದು ಮೀನು. ಆಮೇಲೆ ಪ್ಲಾಸ್ಟಿಕ್ ಗಿಡ. ಅದನ್ನು ನೋಡಿ ಬೇಜಾರಾಗಿ ನಿಜವಾದ ಗಿಡ ತಂದೆ. ಮೀನು ಸಾಕುವವನು ಗಿಡ ಸಾಕುವ ಹಂತಕ್ಕೆ ಬಂದನೆಂದರೆ ಅವನ ಕಥೆ ಮುಗಿದ ಹಾಗೆ. ಮನೆಗೆ ಬಂದವರು ಮೀನು ಎಲ್ಲಿ ಎಂದು ಹುಡುಕುತ್ತಿದ್ದರೆ ಅವನು ಹೊಸ ಚಿಗುರು ತೋರಿಸುತ್ತಾನೆ.

ಮಲೆನಾಡಿನಿಂದ ಅಮ್ಮ ಬಂದಿದ್ದಾಗ ನಾನು ಹಾಗೇ ಮಾಡಿದೆ. ನೂರು ರೂಪಾಯಿ ಕೊಟ್ಟು ಲಿಮ್ನೊಫಿಲ, ರೊಟಾಲ ಎಂಬ ಎರಡು ಕಟ್ಟು ತಂದಿದ್ದೆ. ಹೆಸರನ್ನೂ ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಗಾಜಿಗೆ ಮೂಗು ತಾಗಿಸಿ ನೋಡಿದರು. "ಎಂತದೋ ಇದು? ಗದ್ದೆ ಕಳೆ ಅಲ್ವನಾ? ನಾವು ಕಿತ್ತು ಬದುವಿಗೆ ಎಸೀತಿದ್ವಲ್ಲೋ. ಇದಕ್ಕೆ ದುಡ್ಡು ಕೊಟ್ಯಾ?"

ಅಮ್ಮನ ಮಾತು ಸುಳ್ಳಲ್ಲ. ಈ ಎರಡು ಜಾತಿಯ ಎಷ್ಟೋ ಗಿಡಗಳು ಭತ್ತದ ಗದ್ದೆಯ ನೀರಲ್ಲಿ ತಾವಾಗಿಯೇ ಬೆಳೆಯುತ್ತವೆ. ಗದ್ದೆಯಲ್ಲಿ ಬೇಡವೆಂದರೂ ಬರುವ ಗಿಡ ನನ್ನ ಗಾಜಿನ ಪೆಟ್ಟಿಗೆಯಲ್ಲಿ ಕೈಮುಗಿದರೂ ಬರಲಿಲ್ಲ. ವಾರದೊಳಗೆ ಕೆಳಗಿನ ಎಲೆಗಳು ಕರಗಿ ಲೋಳೆಯಾದವು. ಕಾರಣ ಆಮೇಲೆ ತಿಳಿಯಿತು. ನರ್ಸರಿಯಲ್ಲಿ ಇವುಗಳ ಬೇರಿಗೆ ಮಾತ್ರ ನೀರು, ತಲೆ ಗಾಳಿಯಲ್ಲಿ. ಪೂರ್ತಿ ಮುಳುಗಿಸಿದರೆ ಹಳೇ ಎಲೆ ಉದುರಿಸಿ ನೀರಿಗೆ ಹೊಂದುವ ಎಲೆ ಹೊಸದಾಗಿ ಹೊರಡಿಸಬೇಕು. ಆ ಕೊಳೆತ ಎಲೆಯನ್ನು ನಾನು ತೆಗೆಯಲಿಲ್ಲ, ಗೊಬ್ಬರ ಆಗಲಿ ಎಂದು ಬಿಟ್ಟೆ. ಗೊಬ್ಬರವೇನೋ ಆಯಿತು. ಉಂಡದ್ದು ಬೇರೆಯವರು.

ಪಾಚಿ ಬಂತು. ಮೊದಲು ಗಾಜಿನ ಮೇಲೆ ಕಂದು ಪುಡಿ. ಹೊಸ ತೊಟ್ಟಿಯಲ್ಲಿ ಇದು ಮಾಮೂಲು, ಕೆಲವು ವಾರ ಬಿಟ್ಟರೆ ತಾನೇ ಹೋಗುತ್ತದೆ. ಆಮೇಲೆ ಹಸಿರು ನೂಲು. ಹಳೇ ಟೂತ್‌ಬ್ರಶ್ಶಿಗೆ ಸುತ್ತಿ ಎಳೆದರೆ ಶ್ಯಾವಿಗೆಯ ಹಾಗೆ ಬರುತ್ತಿತ್ತು. ಕೊನೆಗೆ ಎಲೆಯ ಅಂಚಿಗೆಲ್ಲ ಕಪ್ಪು ಗಡ್ಡ. ಅದನ್ನು ಎಳೆದರೆ ಎಲೆಯೇ ಕಿತ್ತು ಬರುತ್ತದೆ, ಗಡ್ಡ ಬರುವುದಿಲ್ಲ.

ಅಂಗಡಿಯವನಿಗೆ ಹೇಳಿದರೆ, "ಲೈಟ್ ಸಾಲ್ತಿಲ್ಲ ಸಾರ್" ಎಂದ. ದೊಡ್ಡ ಲೈಟ್ ತಂದೆ. ಬೆಳಗ್ಗೆ ಎಂಟಕ್ಕೆ ಹಾಕಿ ರಾತ್ರಿ ಎಂಟಕ್ಕೆ ಆರಿಸುತ್ತಿದ್ದೆ. "ಏನ್ರೀ, ಮೀನು ಪರೀಕ್ಷೆಗೆ ಓದ್ಕೊಳ್ತಿದೆಯಾ?" ಎಂದಳು ಹೆಂಡತಿ. ಮೀನು ಓದಿತೋ ಇಲ್ಲವೋ, ಪಾಚಿ ಮಾತ್ರ ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು.

ಬೆಳಕು ಎಂದರೆ ಒಲೆಯ ಉರಿ. ಉರಿ ಜಾಸ್ತಿ ಮಾಡಿದರೆ ಪಾತ್ರೆಗೆ ಅಕ್ಕಿ, ನೀರು ಎಲ್ಲವೂ ಅದಕ್ಕೆ ತಕ್ಕಂತೆ ಇರಬೇಕು. ಇಲ್ಲದಿದ್ದರೆ ಅನ್ನ ತಳ ಹಿಡಿಯುತ್ತದೆ. ಗಿಡಕ್ಕೆ ಸಾರಜನಕ, ಪೊಟ್ಯಾಶ್, ಕಬ್ಬಿಣ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಬೇಕು. ಅದು ನೀರಿನಲ್ಲಿ ಸಾಗುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಹೊಟ್ಟೆಗಿಲ್ಲದೆ ಗಿಡ ಕೈಕಟ್ಟಿ ಕೂತರೆ, ಬಡಿಸಿಟ್ಟ ಬೆಳಕನ್ನು ಪಾಚಿ ಉಣ್ಣುತ್ತದೆ. ಅದಕ್ಕೆ ಸ್ವಲ್ಪ ಸಿಕ್ಕರೂ ಸಾಕು.

ಸರಿ, ಡೈಆಕ್ಸೈಡ್ ಕೊಡೋಣ ಎಂದು ಹೊರಟೆ. ಸಿಲಿಂಡರಿನ ಬೆಲೆ ಕೇಳಿ ವಾಪಸ್ ಬಂದೆ. ಎರಡು ಲೀಟರಿನ ಖಾಲಿ ಬಾಟಲಿಗೆ ಸಕ್ಕರೆ, ಉಗುರುಬೆಚ್ಚನೆ ನೀರು, ಚಿಟಿಕೆ ಯೀಸ್ಟ್ ಹಾಕಿ ಮುಚ್ಚಳಕ್ಕೆ ಪೈಪ್ ಸಿಕ್ಕಿಸಿದೆ. ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಗುಳುಗುಳು ಎಂದು ಗುಳ್ಳೆ ಬಂತು. ಮೂರನೇ ದಿನ ಹಾಲ್ ತುಂಬ ಹುಳಿ ವಾಸನೆ. ಡಬ್ಬಿಯಲ್ಲಿ ಸಕ್ಕರೆ ತಳ ಕಂಡದ್ದೂ, ಸೋಫಾದ ಹಿಂದೆ ಬಾಟಲಿ ಕಂಡದ್ದೂ ಒಂದೇ ದಿನ. "ಮನೇಲಿ ಕಳ್ಳಭಟ್ಟಿ ಇಟ್ಟಿದ್ದೀರಾ?" ಎಂದವಳಿಗೆ ಇದು ಗಿಡಕ್ಕೆ ಎಂದು ಹೇಳಿದರೆ ಯಾರು ನಂಬುತ್ತಾರೆ? ಅದೂ ಅಲ್ಲದೆ ಆ ಬಾಟಲಿ ಒಂದು ದಿನ ಜೋರು, ಇನ್ನೊಂದು ದಿನ ಸಪ್ಪೆ. ಕಪ್ಪು ಗಡ್ಡಕ್ಕೆ ಇಂಥ ಏರಿಳಿತ ಎಂದರೆ ಹಬ್ಬ.

ಮುಂದಿನ ಸಲಹೆ, "ಸಕ್ಕರ್ ಮೀನು ಬಿಡಿ ಸಾರ್, ಎಲ್ಲಾ ಕ್ಲೀನ್ ಮಾಡತ್ತೆ." ಬೆರಳುದ್ದದ ಮರಿ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಪ ಅನ್ನಿಸುವ ಹಾಗಿತ್ತು. ಈ ಮೀನು ಒಂದು ಅಡಿಗೂ ಜಾಸ್ತಿ ಬೆಳೆಯುತ್ತದೆ ಎಂದು ಯಾರೂ ಹೇಳಲಿಲ್ಲ. ಪಾಚಿಗಿಂತ ಮೀನಿನ ಕಾಳೇ ಅದಕ್ಕೆ ರುಚಿಸಿತು. ತಿಂದದ್ದಕ್ಕೆ ಸರಿಯಾಗಿ ಹಿಂದೆ ಉದ್ದುದ್ದ ದಾರ ಬಿಟ್ಟುಕೊಂಡು ಓಡಾಡುತ್ತಿತ್ತು. ಅದೂ ಪಾಚಿಗೇ ಊಟ. ದೊಡ್ಡದಾದ ಮೇಲೆ ಜನ ಇದನ್ನು ಹತ್ತಿರದ ಕೆರೆಗೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಈಗ ನಮ್ಮ ಕೆರೆಗಳಲ್ಲೂ ಬೀಡುಬಿಟ್ಟು ಊರಿನ ಮೀನುಗಳ ಅನ್ನಕ್ಕೆ ಕಲ್ಲು ಹಾಕುತ್ತಿದೆ. ನನ್ನದನ್ನು ದೊಡ್ಡ ತೊಟ್ಟಿ ಇದ್ದ ಗೆಳೆಯನಿಗೆ ಕೊಟ್ಟೆ. ಅವನು ಈಗ ಫೋನ್ ತೆಗೆಯುವುದಿಲ್ಲ.

ಹಾಗೆಂದು ತಿನ್ನುವವರಿಂದ ಉಪಯೋಗವೇ ಇಲ್ಲ ಎಂದಲ್ಲ. 1850ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಚಿನ್ನದ ಮೀನಿನ ಜೊತೆ ವ್ಯಾಲಿಸ್ನೇರಿಯ ಗಿಡ ನೆಟ್ಟು ನೋಡಿದರು. ಎಲೆ ಕೊಳೆತು ಲೋಳೆಯಾಗಿ ನೀರು ಕೆಟ್ಟಿತು. ನನ್ನದೇ ಕಥೆ. ಅವರು ಕೊಳದ ಬಸವನಹುಳು ತಂದು ಬಿಟ್ಟರು. ಅದು ಲೋಳೆ ತಿಂದಿತು, ಅದರ ಮೊಟ್ಟೆಯನ್ನು ಮೀನು ತಿಂದಿತು, ನೀರು ತಿಳಿಯಾಯಿತು. ಅಂಗಡಿಯ ಗಿಡದ ಜೊತೆ ಟಿಕೆಟ್ ಇಲ್ಲದೆ ಬರುವ ಬಸವನಹುಳುವನ್ನು ನಾನು ಹೆಕ್ಕಿ ಹೆಕ್ಕಿ ಬಿಸಾಡುತ್ತಿದ್ದೆನಲ್ಲ, ಇದನ್ನು ಓದಿದ ದಿನವೇ ನಿಲ್ಲಿಸಿದೆ. ಇನ್ನು ಜಪಾನಿನ ತಕಾಶಿ ಅಮಾನೊ. ಸೈಕಲ್ ರೇಸಿನಲ್ಲಿದ್ದ ಮನುಷ್ಯ, ಆಮೇಲೆ ಫೋಟೋಗ್ರಾಫರ್, ಕೊನೆಗೆ ತೊಟ್ಟಿಯೊಳಗೆ ಕಾಡು ಗುಡ್ಡ ಕಟ್ಟಿ ಲೋಕಕ್ಕೇ ಹುಚ್ಚು ಹಿಡಿಸಿದವರು. ಪಾಚಿ ತಿನ್ನಲು ಅವರು ಬಿಟ್ಟ ಸಣ್ಣ ಸೀಗಡಿಗೆ ಈಗ ಅವರದೇ ಹೆಸರು. ಅವರ ತೊಟ್ಟಿಯ ಚಿತ್ರ ನೋಡಿದಾಗಲೆಲ್ಲ ನನ್ನದಕ್ಕೆ ಬಟ್ಟೆ ಮುಚ್ಚಬೇಕು ಅನ್ನಿಸುತ್ತದೆ.

ಕೊನೆಗೆ ಮುಚ್ಚಿಯೂ ಮುಚ್ಚಿದೆವು. ಒಂದು ಬೇಸಿಗೆ ನೀರೇ ಕೊತ್ತಂಬರಿ ಚಟ್ನಿಯ ಹಾಗಾಯಿತು. ನೀರಲ್ಲೇ ತೇಲುವ, ಕಣ್ಣಿಗೆ ಕಾಣದ ಪಾಚಿ. ನೀರು ಬದಲಾಯಿಸಿದರೆ ಎರಡೇ ದಿನಕ್ಕೆ ಮತ್ತೆ ಹಸಿರು. ಆಗಲೂ ಅಮ್ಮ ಇದ್ದರು. "ಬಾವಿಗೆ ಬಿಸಿಲು ಬಿದ್ರೆ ಹಾವಸೆ ಬರ್ತದೆ. ಮುಚ್ಚಿಡು" ಎಂದು ತಮ್ಮ ಕಂಬಳಿಯನ್ನೇ ತಂದು ಹೊದಿಸಿದರು. ನಾಲ್ಕು ದಿನ ಯಾರೂ ಇಣುಕಬಾರದು ಎಂದು ಕಟ್ಟಪ್ಪಣೆ. ನಾಲ್ಕು ದಿನ ಊಟವಿಲ್ಲದಿದ್ದರೂ ಮೀನಿಗೆ ಏನೂ ಆಗುವುದಿಲ್ಲ. ಗಿಡಕ್ಕೆ ಬೇರಿನಲ್ಲಿ, ಕಾಂಡದಲ್ಲಿ ಒಂದಿಷ್ಟು ಕೂಡಿಟ್ಟದ್ದು ಇರುತ್ತದೆ. ಅಂದಂದಿನ ಬೆಳಕನ್ನೇ ನಂಬಿದ ಆ ಪಾಚಿಗೆ ಅಂಥ ಗಂಟಿಲ್ಲ. ಐದನೇ ದಿನ ಕಂಬಳಿ ಸರಿಸಿದರೆ ಆಚೆ ಗೋಡೆಯ ಕ್ಯಾಲೆಂಡರಿನ ತಾರೀಖು ತೊಟ್ಟಿಯ ಮೂಲಕ ಓದಬಹುದಿತ್ತು. ಸತ್ತ ಪಾಚಿ ಕೊಳೆಯುತ್ತದೆಂದು ಆಗಲೇ ಅರ್ಧ ನೀರು ತೆಗೆದೆ. ಕಷ್ಟದ ಕೆಲಸ ಎಂದರೆ ಇಣುಕದೆ ಇದ್ದದ್ದು. ಎರಡು ಸಲ ಸಿಕ್ಕಿಬಿದ್ದೆ.

ಆಮೇಲೆ ಲೈಟಿಗೆ ಟೈಮರ್ ಹಾಕಿದೆ, ದಿನಕ್ಕೆ ಆರು ಗಂಟೆ. ಕಾಳು ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಇಳಿಯಿತು. ನೀರಿನ ಮೇಲೆ ನಾಲ್ಕು ಅಂತರಗಂಗೆ ಬಿಟ್ಟಿದ್ದೇನೆ. ಊರ ಕೆರೆಯನ್ನೇ ಮುಚ್ಚಿಹಾಕುವ ಗಿಡ, ತಲೆ ಗಾಳಿಯಲ್ಲಿರುವುದರಿಂದ ಡೈಆಕ್ಸೈಡಿಗೆ ಬರವಿಲ್ಲ. ಕೊಳಕು ನೀರಿನ ಸಾರವನ್ನೆಲ್ಲ ಹೀರಿ, ನೆರಳೂ ಕೊಡುತ್ತದೆ. ವಾರಕ್ಕೊಂದು ಹಿಡಿ ತೆಗೆದು ಕಸಕ್ಕೆ ಹಾಕದಿದ್ದರೆ ನನ್ನ ಕೆರೆಯನ್ನೂ ನುಂಗುತ್ತದೆ. ಅಮ್ಮನ ಗದ್ದೆ ಕಳೆ ಈಗ ನೀರಿನ ಮೇಲಕ್ಕೇ ಬಂದಿದೆ. ಒಂದು ಕಲ್ಲಿನ ಮೂಲೆಯಲ್ಲಿ ಕಪ್ಪು ಗಡ್ಡ ಇನ್ನೂ ಇದೆ. ಬೋಳಿಸಲು ಹೋಗಿಲ್ಲ.

ಭಾನುವಾರ ಮೂರು ಸಣ್ಣ ಬಕೆಟ್ ನೀರು ಬದಲಾಯಿಸುತ್ತೇನೆ. ಕಾವೇರಿ ನೀರಿನ ಕ್ಲೋರಿನ್ ಹೋಗಲಿ ಎಂದು ಹಿಂದಿನ ದಿನವೇ ಹಿಡಿದಿಡಬೇಕು. ತೆಗೆದ ನೀರು ಬಾಲ್ಕನಿಯ ಕರಿಬೇವಿಗೆ. ಮೂರು ವರ್ಷ ಗೇಣುದ್ದ ಇದ್ದ ಗಿಡ ಮೀನಿನ ನೀರು ಕುಡಿದು ಈಗ ಸೂರು ಮುಟ್ಟಿದೆ. ಕೆಳಗಿನ ಮನೆಯ ಆಂಟಿ ಅದನ್ನು ನೋಡಿ ಗುಟ್ಟು ಕೇಳಿದ್ದರು. ಈಗ ಭಾನುವಾರ ನಾನು ಪೈಪ್ ಬಿಚ್ಚುವ ಮೊದಲೇ ಕಾಲಿಂಗ್ ಬೆಲ್ ಆಗುತ್ತದೆ. ಬಾಗಿಲು ತೆರೆದರೆ ಎರಡು ಖಾಲಿ ಬಕೆಟ್. ಹೋದ ವಾರ ಅವರು ತೊಟ್ಟಿಯನ್ನು ಒಮ್ಮೆ ದಿಟ್ಟಿಸಿ, "ನೀರು ಯಾಕೋ ತುಂಬಾ ತಿಳಿಯಾಗಿದೆಯಲ್ಲ, ಮೀನಿಗೆ ಸರಿಯಾಗಿ ಊಟ ಹಾಕ್ತಿದೀರಾ?" ಎಂದು ಕೇಳಿದರು.