ಅಮೆರಿಕ ಹತ್ತಿರ, ಗೋಕುಲ ರೋಡ್ ದೂರ

ಧಾರವಾಡದ ಮಾಳಮಡ್ಡಿಯ ನಮ್ಮ ಕಾಕಾಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗಳನ್ನು ನೋಡುವ ಆಸೆ. ವೀಸಾ ಬಂದಿದೆ, ಪೇಡೆ ಯಾವ ಅಂಗಡಿಯದು ಅನ್ನೋದೂ ತೀರ್ಮಾನವಾಗಿದೆ. ಉಳಿದದ್ದು ಒಂದೇ ಪ್ರಶ್ನೆ. "ಎಷ್ಟ ದೂರ ಐತೋ ತಮ್ಮಾ?"

ಫೋನಿನಲ್ಲಿ ಹುಡುಕಿದೆ. ಹುಬ್ಬಳ್ಳಿಯಿಂದ ಸುಮಾರು 13,850 ಕಿಲೋಮೀಟರ್. ವಿಮಾನದಲ್ಲಿ ಹದಿನೇಳೂಮುಕ್ಕಾಲು ಗಂಟೆ! ಅಂಥ ನೇರ ವಿಮಾನವೇ ಇಲ್ಲ, ಆದರೆ ಅದರ ಸಮಯ ರೆಡಿ. ಗ್ಲೋಬಿನ ಮೇಲೆ ಎರಡು ಊರಿಗೆ ನೂಲು ಬಿಗಿದು ಅಳೆಯುವುದು, ಗಂಟೆಗೆ 800 ಕಿ.ಮೀ. ಅಂತ ಭಾಗಿಸುವುದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸುವುದು. ಮುಗೀತು. ಸಂತೆಯ ತಕ್ಕಡಿಯೂ ಇಷ್ಟು ಧೈರ್ಯ ಮಾಡುವುದಿಲ್ಲ.

ಸುಮ್ನೆ ಬೆಂಗಳೂರಿಂದಲೂ ನೋಡಿದೆ. 13,990! ನೂಲು ಹೋಗುವುದು ಉತ್ತರ ಧ್ರುವದ ಕಡೆಯಿಂದ, ನಾವಿರುವುದು ಬೆಂಗಳೂರಿಗಿಂತ ಉತ್ತರಕ್ಕೆ. ಹಾಗಾಗಿ ಅಮೆರಿಕಕ್ಕೆ ಹುಬ್ಬಳ್ಳಿಯೇ 140 ಕಿ.ಮೀ. ಹತ್ತಿರ. ಕಾಕಾ ಮೀಸೆ ತಿರುವಿದರು. ಆದರೆ ಈ ಹತ್ತಿರದ ಲಾಭ ಪಡೆಯಲು ಮೊದಲು ಆಗ್ನೇಯಕ್ಕೆ 370 ಕಿ.ಮೀ. ಹಾರಿ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಹೋಗಬೇಕು.

ಅದಕ್ಕೆ ಫೋನ್ ಹೇಳಿದ್ದು 58 ನಿಮಿಷ. ಕಾಕಾ ಕಾಗದದ ಮೇಲೆ ಬರೆದದ್ದು ಬೇರೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ಹೊಸೂರಿಗೆ, ಅಲ್ಲಿಂದ ಆಟೊದವನ ಜೊತೆ ಚೌಕಾಸಿ, ವಿಮಾನ ನಿಲ್ದಾಣವಿರುವ ಗೋಕುಲ ರೋಡ್. ಇಲ್ಲಿಗೇ ಒಂದೂವರೆ ಗಂಟೆ. ವಿಮಾನಕ್ಕೆ ಎರಡು ಗಂಟೆ ಮುಂಚೆ ಹೋಗಬೇಕು. ಇಳಿದ ಮೇಲೆ ಬ್ಯಾಗು ಬರುವವರೆಗೆ ಬೆಲ್ಟ್ ನೋಡುತ್ತಾ ಧ್ಯಾನ. ಐದು ಗಂಟೆಗೆ ಒಂದು ನಿಮಿಷ ಕಮ್ಮಿ ಇಲ್ಲ. ಆಮೇಲೆ ಪರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿ.

ಇನ್ನೊಂದು ತಮಾಷೆ. ಬೆಂಗಳೂರಿಂದ ನೇರ ವಿಮಾನವೊಂದು ಮಧ್ಯಾಹ್ನ ಎರಡಕ್ಕೆ ಎದ್ದು ಹದಿನೇಳು ಗಂಟೆ ಹಾರಿತು ಅಂದುಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ಇಳಿದಾಗ ಅದೇ ದಿನ ಸಂಜೆ ಐದೂವರೆ. ಅಲ್ಲಿನ ಗಡಿಯಾರ ಹದಿಮೂರೂವರೆ ಗಂಟೆ ಹಿಂದೆ ಅಲ್ವಾ? ಗೋಡೆ ಗಡಿಯಾರ ನಂಬಿದರೆ ಅಮೆರಿಕಕ್ಕೆ ಮೂರೂವರೆ ತಾಸು, ಮಾಳಮಡ್ಡಿಯಿಂದ ದೇವನಹಳ್ಳಿಗೆ ಐದು.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದಿದ್ದರು. ಅದನ್ನೂ ಹೇಳಿದೆ. ಕಾಕಾ ಕನ್ನಡಕ ತೆಗೆದು ಕೇಳಿದರು. "ಧ್ರುವದ ಮ್ಯಾಲೆ ಆಟೊದವಾ ಮೀಟರ್ ಹಾಕ್ತಾನೇನ?"

ಆಮೇಲೆ ಮಗಳಿಗೆ ಫೋನ್ ಹಚ್ಚಿದರು. "ಅವ್ವಾ, ಬೆಂಗಳೂರಿನವ್ರಕಿಂತ ನಿನಗ ನಾನ 140 ಕಿಲೋಮೀಟರ್ ಹತ್ರ ಅದೀನಿ. ನೀನ ಬಂದ್ಬಿಡು."