ಸತ್ತವನಿಗೆ ಸತ್ತವನ ಜಾಮೀನು

ಜನವರಿ 22 ಬಂತೆಂದರೆ ವಿಜ್ಞಾನಪ್ರಿಯರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸೋವಿಯತ್ ಭೌತವಿಜ್ಞಾನಿ ಲೆವ್ ಲ್ಯಾಂಡೌ ಫೋಟೋ ತೇಲಿ ಬರುತ್ತದೆ. ಅಂದು ಅವನ ಹುಟ್ಟುಹಬ್ಬ. ಕೆದರಿದ ಕೂದಲು, ತುಂಟ ಕಣ್ಣು. ಕೆಳಗೊಂದು ಒಕ್ಕಣೆ: ಸೋವಿಯತ್ ಸರ್ಕಾರ ತನ್ನ ವಿಜ್ಞಾನಿಗಳನ್ನು ಹೇಗೆ ನೋಡಿಕೊಂಡಿತು ನೋಡಿ, ನಾವೂ ಇದ್ದೀವಿ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.

ನೋಡಿಕೊಂಡದ್ದು ನಿಜ, ಅಲ್ಲ ಅನ್ನೋಕಾಗಲ್ಲ. ಒಂದು ವರ್ಷ ಜೈಲಿನಲ್ಲಿಟ್ಟು ನೋಡಿಕೊಂಡಿತು. 1934ರ ಮೇಲೆ ದೇಶದ ಗಡಿ ದಾಟದಂತೆ ನೋಡಿಕೊಂಡಿತು. ಮನೆಯಲ್ಲಿ ಏನು ಮಾತಾಡುತ್ತಾನೆ ಅಂತ ಕದ್ದಾಲಿಸುವ ಯಂತ್ರ ಇಟ್ಟು ನೋಡಿಕೊಂಡಿತು. ಸತ್ತ ಮೇಲೂ ಇಪ್ಪತ್ತೆರಡು ವರ್ಷ ಅವನ ಮೇಲಿನ ಕೇಸನ್ನು ಕಡತದಲ್ಲಿ ಜೋಪಾನವಾಗಿ ನೋಡಿಕೊಂಡಿತು. ಲ್ಯಾಂಡೌ ತೀರಿಕೊಂಡದ್ದು 1968ರ ಏಪ್ರಿಲ್ 1. ಅಪರಾಧವೇ ನಡೆದಿಲ್ಲ ಅಂತ ಕೇಸು ಮುಗಿಸಿದ್ದು 1990ರ ಜುಲೈ 23. ಅಲ್ಲಿಯತನಕ ಆಸಾಮಿ ಜಾಮೀನಿನ ಮೇಲೆ ಹೊರಗಿದ್ದ. ಹೊರಗೆ ಅಂದರೆ ಮಾಸ್ಕೋದ ನೊವೊಡೆವಿಚಿ ಸ್ಮಶಾನದಲ್ಲಿ. ಜಾಮೀನು ನಿಂತವನು ಭೌತವಿಜ್ಞಾನಿ ಪ್ಯೋತರ್ ಕಪಿಟ್ಸಾ, ಲ್ಯಾಂಡೌ ಕೆಲಸಕ್ಕಿದ್ದ ಮಾಸ್ಕೋ ಸಂಸ್ಥೆಯ ಮುಖ್ಯಸ್ಥ. ಅವನೂ 1984ರಲ್ಲಿ ಅದೇ ಸ್ಮಶಾನ ಸೇರಿಕೊಂಡ. ಎಂಥ ಅಚ್ಚುಕಟ್ಟು ವ್ಯವಸ್ಥೆ! ಆರೋಪಿಯೂ ಜಾಮೀನುದಾರನೂ ಒಂದೇ ವಿಳಾಸದಲ್ಲಿ. ಕೂಗಿದರೆ ಇಬ್ಬರೂ ಹಾಜರು.

ಆ ಜಾಮೀನು ಪತ್ರವನ್ನು ಒಮ್ಮೆ ಓದಬೇಕು. 1939ರ ಏಪ್ರಿಲ್ 26ರದ್ದು, ಗುಪ್ತ ಪೊಲೀಸರ ಮುಖ್ಯಸ್ಥ ಬೆರಿಯಾಗೆ ಕಪಿಟ್ಸಾ ಬರೆದದ್ದು. ಪ್ರೊಫೆಸರ್ ಲ್ಯಾಂಡೌನನ್ನು ನನ್ನ ಸ್ವಂತ ಹೊಣೆಯ ಮೇಲೆ ಬಿಡಿ. ನನ್ನ ಸಂಸ್ಥೆಯೊಳಗೆ ಆತ ಕ್ರಾಂತಿವಿರೋಧಿ ಕೆಲಸ ಮಾಡುವುದಿಲ್ಲ ಎಂದು ಭರವಸೆ ಕೊಡುತ್ತೇನೆ. ಹೊರಗೂ ಮಾಡದಂತೆ ಕೈಲಾದದ್ದೆಲ್ಲ ಮಾಡುತ್ತೇನೆ. ಸೋವಿಯತ್ ಆಡಳಿತಕ್ಕೆ ಕೇಡು ಬಗೆಯುವ ಮಾತು ಅವನ ಬಾಯಿಂದ ಬಂದರೆ ಕೂಡಲೇ ತಮಗೆ ತಿಳಿಸುತ್ತೇನೆ. ಪತ್ರದ ಸಾರ ಇಷ್ಟೇ. ಎರಡು ದಿನ ಕಳೆಯುವಷ್ಟರಲ್ಲಿ ಇಪ್ಪತ್ತನೇ ಶತಮಾನದ ದೊಡ್ಡ ತಲೆಗಳಲ್ಲೊಂದು ಜೈಲಿನಿಂದ ಮನೆಗೆ ಬಂತು.

ಇದಕ್ಕೂ ಮುಂಚೆ, ಬಂಧನವಾದ ದಿನವೇ, ಅಂದರೆ 1938ರ ಏಪ್ರಿಲ್ 28ರಂದು, ಕಪಿಟ್ಸಾ ನೇರವಾಗಿ ಸ್ಟಾಲಿನ್‌ಗೆ ಬರೆದಿದ್ದ. ಶಿಫಾರಸು ಹೇಗಿರಬೇಕು ಅನ್ನೋದಕ್ಕೆ ಮಾದರಿ ಅದು. ಹುಡುಗ ಬಲು ಬುದ್ಧಿವಂತ, ಆದರೆ ಸ್ವಭಾವ ಕೆಟ್ಟದ್ದು, ಜಗಳಗಂಟ, ಬೇರೆಯವರ ತಪ್ಪು ಹುಡುಕೋದು ಅವನಿಗೆ ಖುಷಿ, ಅದರಲ್ಲೂ ನಮ್ಮ ಅಕಾಡೆಮಿಯ ಹಿರಿತಲೆಗಳ ತಪ್ಪು ಸಿಕ್ಕರೆ ಮರ್ಯಾದೆ ಬಿಟ್ಟು ಗೇಲಿ ಮಾಡುತ್ತಾನೆ, ಹಾಗಾಗಿ ಶತ್ರುಗಳು ಜಾಸ್ತಿ. ಈ ಮಾತಿಗೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ. ಉಕ್ರೇನಿನ ಖಾರ್ಕೋವ್‌ನಲ್ಲಿದ್ದಾಗ ಲ್ಯಾಂಡೌ ತನ್ನ ಕೋಣೆಯ ಬಾಗಿಲಿಗೆ ತೂಗುಹಾಕಿದ್ದ ಬೋರ್ಡು: ‘ಎಚ್ಚರಿಕೆ, ಕಚ್ಚುತ್ತಾನೆ.’

ಕಚ್ಚುವುದಕ್ಕೂ ಅವನಲ್ಲೊಂದು ಲೆಕ್ಕವಿತ್ತು. ಭೌತವಿಜ್ಞಾನಿಗಳಿಗೆಲ್ಲ ದರ್ಜೆ ಕೊಡುತ್ತಿದ್ದ. ಒಂದು ದರ್ಜೆ ಕೆಳಗಿಳಿದರೆ ಕೊಡುಗೆ ಹತ್ತು ಪಟ್ಟು ಕಮ್ಮಿ. ಐನ್‌ಸ್ಟೈನ್‌ಗೆ 0.5. ಬೋರ್, ಹೈಸೆನ್‌ಬರ್ಗ್, ಡಿರಾಕ್‌ಗೆ 1. ತನಗೆ 2.5, ಆಮೇಲೆ ಮನಸ್ಸು ಕರಗಿ 2. ಅವನ ಹತ್ತಿರ ಕಲಿಯಬೇಕಾದರೆ ಗಣಿತದಿಂದ ಶುರುಮಾಡಿ ಒಂಬತ್ತು ಪರೀಕ್ಷೆ ಪಾಸಾಗಬೇಕಿತ್ತು. ಹತ್ತಿರ ಹತ್ತಿರ ಮೂವತ್ತು ವರ್ಷದಲ್ಲಿ ಪಾಸಾದವರು 43 ಮಂದಿ. ಅದೇ ಕಾಲಕ್ಕೆ ಗುಪ್ತ ಪೊಲೀಸರ ಕಚೇರಿ, ಜೈಲು ಎರಡೂ ಇದ್ದ ಮಾಸ್ಕೋದ ಲುಬ್ಯಾಂಕಾದಲ್ಲೂ ಪರೀಕ್ಷೆ ನಡೀತಿತ್ತು. ಅಲ್ಲಿಯ ಫಲಿತಾಂಶ ನಮ್ಮ ಯಾವ ಟ್ಯುಟೋರಿಯಲ್‌ಗೂ ಬರದಂಥದ್ದು. ಫೇಲಾಗಿ ಆಚೆ ಬಂದವರೇ ಅಪರೂಪ. ಯಹೂದಿ ಹುಡುಗ ಲ್ಯಾಂಡೌಗೆ ಮೊದಲು ಹೊರಿಸಿದ್ದು ಹಿಟ್ಲರನ ಜರ್ಮನಿಯ ಗೂಢಚಾರ ಅನ್ನೋ ಆರೋಪ, ಹಾಗಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಪ್ರಶ್ನೆಪತ್ರಿಕೆ ತೆಗೆದವರಿಗೆ ಎಷ್ಟನೇ ದರ್ಜೆ ಕೊಡಬೇಕೋ, ಆ ಕೋಷ್ಟಕದಲ್ಲಿ ಅಷ್ಟು ಕೆಳಗೆ ಅಂಕಿಯೇ ಇಲ್ಲ. ಕೊನೆಗೆ ಲ್ಯಾಂಡೌ ಕೂಡ ತಪ್ಪೊಪ್ಪಿಗೆ ಬರೆದುಕೊಟ್ಟು ಪಾಸಾದ.

ಬಿಟ್ಟದ್ದು ಯಾಕೆ? ದಯೆ ಬಂತು ಅಂದುಕೊಳ್ಳಬೇಡಿ. ಹೀಲಿಯಂ ಬಂತು. ದ್ರವ ಹೀಲಿಯಂ ಅನ್ನು 2.17 ಕೆಲ್ವಿನ್‌ಗಿಂತ, ಅಂದರೆ ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಕ್ಕೆ ತಣಿಸಿದರೆ ಅದು ಕೂದಲೆಳೆಯಷ್ಟು ಸಂದಿಯಲ್ಲೂ ತಡೆಯೇ ಇಲ್ಲದೆ ಹರಿಯುತ್ತದೆ ಅಂತ ಕಪಿಟ್ಸಾ ಕಂಡುಹಿಡಿದಿದ್ದ. ಯಾಕೆ ಹರಿಯುತ್ತದೆ ಅನ್ನೋದು ತಿಳಿದಿರಲಿಲ್ಲ. ಅದನ್ನು ಬಿಡಿಸಬಲ್ಲವನು ಒಬ್ಬನೇ, ಅವನು ನಿಮ್ಮ ಜೈಲಿನಲ್ಲಿದ್ದಾನೆ ಅಂತ ಸರ್ಕಾರದ ಮುಖ್ಯಸ್ಥ ಮೊಲೊಟೊವ್‌ಗೆ ಬರೆದ. ಹೊರಬಂದ ಲ್ಯಾಂಡೌ 1941ರಲ್ಲಿ ಬಿಡಿಸಿದ. ಇಡೀ ಸೋವಿಯತ್ ಒಕ್ಕೂಟದಲ್ಲಿ ತಡೆಯಿಲ್ಲದೆ ಹರಿಯುತ್ತಿದ್ದದ್ದು ಅದೊಂದೇ ಪದಾರ್ಥ ಇರಬೇಕು. ಲ್ಯಾಂಡೌ ಕಡತವಂತೂ ಮಾಮೂಲಿ ಉಷ್ಣಾಂಶದಲ್ಲಿ ಒಂದಿಂಚೂ ಕದಲಲಿಲ್ಲ.

ಮುಂದಿನದು ಇನ್ನೂ ಚೆಂದ. 1946ರಲ್ಲಿ ಬೆರಿಯಾ ಜೊತೆ ಕಿತ್ತಾಡಿಕೊಂಡ ಕಪಿಟ್ಸಾನನ್ನು ಅವನೇ ಕಟ್ಟಿದ ಸಂಸ್ಥೆಯಿಂದ ಕಿತ್ತುಹಾಕಿದರು. ಮಹಾನುಭಾವ ಊರಾಚೆಯ ತೋಟದ ಮನೆಯಲ್ಲಿ ಪ್ರಯೋಗ ಮಾಡಿಕೊಂಡು ಕೂತ. ಜಾಮೀನುದಾರನಿಗೇ ಒಬ್ಬ ಜಾಮೀನುದಾರ ಬೇಕಾಯಿತು. ಅದೇ ವರ್ಷ ಆರೋಪಿಗೆ ಸ್ಟಾಲಿನ್ ಪ್ರಶಸ್ತಿ! 1949ರಲ್ಲಿ ಮತ್ತೊಂದು, 1953ರಲ್ಲಿ ಇನ್ನೊಂದು. ಅಣುಬಾಂಬಿನ ಲೆಕ್ಕ ಮಾಡಿಕೊಡುತ್ತಿದ್ದನಲ್ಲ. 1954ರಲ್ಲಿ ‘ಸಮಾಜವಾದಿ ಶ್ರಮವೀರ’ ಬಿರುದು. ಎದೆ ಮೇಲೆ ಚಿನ್ನದ ನಕ್ಷತ್ರ, ಕಡತದಲ್ಲಿ ದೇಶದ್ರೋಹ. ಸ್ಟಾಲಿನ್ ಸತ್ತ ಮೇಲೆ, ‘ಅವನು ಹೋದ, ಇನ್ನು ನನಗೆ ಹೆದರಿಕೆ ಇಲ್ಲ, ಈ ಕೆಲಸ ಮಾಡಲ್ಲ’ ಎಂದನಂತೆ. ಶಿಷ್ಯ ಖಲಾತ್ನಿಕೋವ್ ನೆನಪು ಮಾಡಿಕೊಂಡದ್ದು ಇದು.

ಬೇರೆ ಏನೇನೋ ಅನ್ನುತ್ತಿದ್ದ. 1957ರಲ್ಲಿ ಗುಪ್ತಚರ ಸಂಸ್ಥೆ ಕೆಜಿಬಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಗೆ ಕಳಿಸಿದ ವರದಿಯಲ್ಲಿ ಎಲ್ಲ ಇದೆ. ಲೆನಿನ್ನನೇ ಮೊದಲ ಫ್ಯಾಸಿಸ್ಟ್ ಅಂದದ್ದು, ತನ್ನನ್ನು ‘ಓದಿದ ಗುಲಾಮ’ನ ಮಟ್ಟಕ್ಕೆ ಇಳಿಸಿದ್ದಾರೆ ಅಂದದ್ದು, ದಂಗೆ ಹತ್ತಿಕ್ಕಲು ಹೋದ ನಮ್ಮವರು ಹಂಗೆರಿಯಲ್ಲಿ ಸೊಂಟದ ತನಕ ರಕ್ತದಲ್ಲಿ ನಿಂತಿದ್ದಾರೆ ಅಂದದ್ದು. ಒಪ್ಪಂದದ ಪ್ರಕಾರ ಇದನ್ನೆಲ್ಲ ವರದಿ ಮಾಡಬೇಕಾದವನು ಕಪಿಟ್ಸಾ. ಪಾಪ, ಮುದುಕನಿಗೇಕೆ ತೊಂದರೆ ಅಂತ ಯಂತ್ರವೇ ಆ ಕೆಲಸ ಮಾಡಿಕೊಟ್ಟಿತು. ಇಷ್ಟಾದರೂ ಜಾಮೀನು ರದ್ದಾಗಲಿಲ್ಲ. ಕೇಸೂ ಮುಗಿಯಲಿಲ್ಲ.

1962ರ ಜನವರಿ 7ರಂದು ದುಬ್ನಾಗೆ ಹೋಗುವ ಹಿಮದ ರಸ್ತೆಯಲ್ಲಿ ಕಾರು ಲಾರಿಗೆ ಬಡಿಯಿತು. ವಾರಗಟ್ಟಲೆ ಪ್ರಜ್ಞೆ ಇರಲಿಲ್ಲ. ಬದುಕಿದ, ಭೌತವಿಜ್ಞಾನ ಮಾತ್ರ ಮತ್ತೆ ಕೈಗೆ ಹತ್ತಲಿಲ್ಲ. ಅದೇ ವರ್ಷ ನೊಬೆಲ್ ಬಂತು. ಸ್ವೀಡನ್ನಿನ ರಾಯಭಾರಿ ಮಾಸ್ಕೋದ ಆಸ್ಪತ್ರೆಗೇ ತಂದುಕೊಟ್ಟ. ಸ್ಟಾಕ್‌ಹೋಮ್‌ಗೆ ಕಳಿಸಬೇಕೋ ಬೇಡವೋ ಅನ್ನುವ ಇಕ್ಕಟ್ಟಿನಿಂದ ಅಧಿಕಾರಿಗಳನ್ನು ಆ ಲಾರಿ ಪಾರುಮಾಡಿತು.

ನಮ್ಮೂರಿನ ಹುಡುಗರಿಗೂ ಲ್ಯಾಂಡೌ ಗೊತ್ತಾದದ್ದು ಅಗ್ಗದ ಸೋವಿಯತ್ ಪುಸ್ತಕಗಳಿಂದಲೇ. ನವಕರ್ನಾಟಕದ ಮಳಿಗೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಕಾಲದವು. ಸಾಪೇಕ್ಷತೆಯನ್ನು ರೈಲು, ಗಡಿಯಾರ ಇಟ್ಟುಕೊಂಡು ಹೇಳುವ ತೆಳ್ಳನೆಯ ಪುಸ್ತಕವೊಂದಿದೆ. ಬರೆದವರು ಲ್ಯಾಂಡೌ ಮತ್ತು ಯೂರಿ ರೂಮೆರ್. ಆ ಇಬ್ಬರನ್ನೂ ಹಿಡಿದದ್ದು 1938ರ ಅದೇ ಏಪ್ರಿಲ್ ರಾತ್ರಿ. ರೂಮೆರ್‌ಗೆ ಅಂದು ಹುಟ್ಟುಹಬ್ಬ ಬೇರೆ. ಅವನ ಪರವಾಗಿ ಜಾಮೀನು ಹಾಕಲು ಯಾವ ಕಪಿಟ್ಸಾನೂ ಇರಲಿಲ್ಲ. ಹತ್ತು ವರ್ಷ ಕೈದಿಗಳ ವಿನ್ಯಾಸ ಕಚೇರಿಯಲ್ಲಿ ವಿಮಾನದ ಲೆಕ್ಕ ಹಾಕಿದ, ಆಮೇಲೆ ಸೈಬೀರಿಯಾಕ್ಕೆ ಗಡೀಪಾರಾದ.

ಈ ಕೇಸಿನಲ್ಲಿ ನನಗೆ ಅರಗದ ಸಂಗತಿ ಒಂದಿದೆ. ಎಲ್ಲರ ಮೇಲೂ ಸುಳ್ಳು ಕೇಸು ಹಾಕುತ್ತಿದ್ದ ಆ ಕಾಲದಲ್ಲಿ ಲ್ಯಾಂಡೌ ಮೇಲಿನದರಲ್ಲಿ ನಿಜಕ್ಕೂ ಏನೋ ನಡೆದಿತ್ತು. ಮೇ ದಿನಕ್ಕೆ ಹಂಚಲೆಂದು ಗೆಳೆಯ ಕೋರೆಟ್ಸ್ ಬರೆದ ಕರಪತ್ರ ಕಡತದಲ್ಲಿದೆ. ಸ್ಟಾಲಿನ್‌ಗೂ ಹಿಟ್ಲರ್ ಮುಸೊಲಿನಿಗೂ ವ್ಯತ್ಯಾಸವಿಲ್ಲ ಅನ್ನುತ್ತದೆ ಅದು. ಲ್ಯಾಂಡೌ ಅದಕ್ಕೆ ಒಪ್ಪಿದ್ದ. ಅವರದೇ ಕಾನೂನಿನ ಪ್ರಕಾರ ತಪ್ಪು ಮಾಡಿದವನು ಅಂತ ಇದ್ದರೆ ಇವನೇ. ಇವನನ್ನು ಬಿಟ್ಟರು. ಏನೂ ಮಾಡದವರನ್ನು ಕೊಂದರು.

ಖಾರ್ಕೋವ್‌ನ ಲೆವ್ ಶುಬ್ನಿಕೋವ್, ಕಡುಶೀತದ ಪ್ರಯೋಗಗಳಲ್ಲಿ ನಿಸ್ಸೀಮ. 1937ರ ನವೆಂಬರ್ 10ರಂದು ಗುಂಡು ಹಾಕಿದರು. ಸತ್ತ ವರ್ಷ 1945 ಅಂತ ಸುಳ್ಳು ಬರೆದು ದಶಕಗಟ್ಟಲೆ ಅದನ್ನೇ ನಂಬಿಸಿದರು. ಲೆನಿನ್‌ಗ್ರಾಡ್‌ನ ಮತ್ವೇಯ್ ಬ್ರೋನ್‌ಸ್ಟೈನ್, ಲ್ಯಾಂಡೌನ ಗೆಳೆಯ. ಗುರುತ್ವಕ್ಕೂ ಕ್ವಾಂಟಮ್ಮಿಗೂ ಗಂಟು ಹಾಕಲು ಮೊದಮೊದಲು ಹೊರಟವರಲ್ಲೊಬ್ಬ. 1938ರ ಫೆಬ್ರವರಿ 18ರಂದು ವಿಚಾರಣೆ, ಅಂದೇ ಗುಂಡು. ವಯಸ್ಸು 31. ಹೆಂಡತಿ ಲಿಡಿಯಾ ಚುಕೊವ್ಸ್ಕಯಾಗೆ ಹೇಳಿದ್ದು, ಹತ್ತು ವರ್ಷ ಸಜೆ, ಪತ್ರ ಬರೆಯುವ ಹಾಗಿಲ್ಲ ಅಂತ. ಅದನ್ನು ನಂಬಿ ಫಾಕ್, ತಾಮ್‌ರಂಥ ದೊಡ್ಡ ಭೌತವಿಜ್ಞಾನಿಗಳು ಅವನನ್ನು ಬಿಡಿ ಅಂತ ಅರ್ಜಿ ಬರೆದರು. ಸತ್ತವನಿಗೆ. ಹೇಳುವ ಬಾಯಿ ಒಂದೂ ಇರಲಿಲ್ಲವೇ ಆ ಕಚೇರಿಯಲ್ಲಿ? ಇಂಥದ್ದಕ್ಕೆ ತಮಾಷೆ ಮಾಡೋದು ಹೇಗೆ, ನನಗಂತೂ ಗೊತ್ತಿಲ್ಲ. 1957ರಲ್ಲಿ ನಿರಪರಾಧಿ ಅಂತ ಅವನಿಗೊಂದು ಕಾಗದ ಮಾಡಿದರು. ಇಟ್ಟುಕೊಳ್ಳಿ ಸ್ವಾಮಿ, ಅದನ್ನೂ ನಿಮ್ಮ ಕಡತದಲ್ಲೇ ಇಟ್ಟುಕೊಳ್ಳಿ.